ಪೊಳಲಿಯಲ್ಲಿ ಇಲ್ಲದ ಅಂಗಡಿ

ಪಾಣೆಮಂಗಳೂರು ಪೇಟೆಯಲ್ಲಿ, ಪೈಂಟ್ ಅಂಗಡಿಯ ಮೇಲಿನ ಕೋಣೆಯಲ್ಲಿ ಸುರಕ್ಷಾ ಬೆಳಗಿನಿಂದ ಕಂಪ್ಯೂಟರಿನಲ್ಲಿ ಊರುಗಳ ಹೆಸರು ಬದಲಾಯಿಸುತ್ತಾ ಕೂತಿದ್ದಳು. "ನರಿಕೊಂಬಿನಲ್ಲಿ ಶ್ರವಣಯಂತ್ರ ಬೇಕೇ?" ಎಂಬಲ್ಲಿ ನರಿಕೊಂಬು ಅಳಿಸಿ ಪೊಳಲಿ ಎಂದು ಬರೆದರೆ ಇನ್ನೊಂದು ಪುಟ ಸಿದ್ಧ. ಮೂವತ್ತೇಳು ಊರು, ಮೂವತ್ತೇಳು ಪುಟ. ಅಂಗಡಿ ಮಾತ್ರ ಒಂದೇ. ಅದು ಇದೇ ಪೇಟೆಯಲ್ಲಿ, ನಾಲ್ಕು ಕಟ್ಟಡ ಆಚೆ ಇರುವ ಕೃಷ್ಣಪ್ರಸಾದರದ್ದು.

ಅಂಗಡಿಗಳಿಗೆ ವೆಬ್‌ಸೈಟ್ ಮಾಡಿಕೊಟ್ಟು, ಗೂಗಲ್‌ನಲ್ಲಿ ಹುಡುಕಿದವರಿಗೆ ಅದೇ ಮೊದಲು ಕಾಣುವಂತೆ ಮಾಡುವುದು ರೋಹಿತನ ಉದ್ಯೋಗ. ಒಂಬತ್ತನೇ ತರಗತಿಗೆ ಶಾಲೆ ಬಿಟ್ಟು ಮನೆಯಲ್ಲಿ ಅಮ್ಮನೊಟ್ಟಿಗೆ ಬೀಡಿ ಕಟ್ಟುತ್ತಿದ್ದ ಸುರಕ್ಷಾಳನ್ನು, ಕನ್ನಡ ತಪ್ಪಿಲ್ಲದೆ ಬರೆಯುತ್ತಾಳೆಂದು ಅವನು ಮೂರು ತಿಂಗಳ ಮಟ್ಟಿಗೆ ಸೇರಿಸಿಕೊಂಡಿದ್ದ. ಕೃಷ್ಣಪ್ರಸಾದರ ಅಂಗಡಿ ಗೂಗಲ್‌ನ ಮೊದಲ ಪುಟಕ್ಕೆ ಬಂದರೆ ಕೆಲಸ ಕಾಯಂ. ಇಲ್ಲದಿದ್ದರೆ ಮತ್ತೆ ಬೀಡಿ ಎಲೆ, ಹೊಗೆಸೊಪ್ಪು ಹರಡಿದ ಗೆರಸೆಯೇ.

"ಬರೀ ಊರಿನ ಹೆಸರು ಸಾಲದು ಮಾರಾಯ್ತಿ, ಒಂದು ಗುರುತು ಹಾಕು. ಆಗ ಗೂಗಲ್ ನಂಬ್ತದೆ," ಎಂದಿದ್ದ ರೋಹಿತ್.

ಸುರಕ್ಷಾ ಸ್ವಲ್ಪ ಯೋಚಿಸಿ, "ಪೊಳಲಿ ದೇವಸ್ಥಾನದ ಬಳಿಯೇ ನಿಮ್ಮ ಸೇವೆಗೆ ಸಿದ್ಧ" ಎಂದು ಸೇರಿಸಿದಳು. ಸಾಲು ಚೆಂದ ಕಂಡಿತು. ಆದರೂ ಕೇಳಿದಳು, "ಅಲ್ಲಿ ಅಂಗಡಿ ಇಲ್ಲವಲ್ಲ?"

"ಯಾರಿಗೆ ನಷ್ಟ? ಫೋನ್ ನಂಬರ್ ಸರಿ ಉಂಟು. ಬರುವವರು ಫೋನ್ ಮಾಡಿ ಕೇಳಿಯೇ ಬರ್ತಾರೆ."

ಮೂರು ವಾರಕ್ಕೆ ಅಂಗಡಿ ಮೊದಲ ಪುಟದಲ್ಲಿ ಮೂರನೆಯದಾಗಿ ಬಂತು. ರೋಹಿತ್ ಹೋಟೆಲಿನಿಂದ ಬಿಸಿ ಗೋಳಿಬಜೆ ತರಿಸಿದ. ಸುರಕ್ಷಾ ತನ್ನ ಪಾಲಿನ ಎರಡನ್ನು ಕಾಗದದಲ್ಲಿ ಸುತ್ತಿ ಅಮ್ಮನಿಗೆಂದು ಚೀಲಕ್ಕೆ ಹಾಕಿಕೊಂಡಳು.

ಅದರ ಮರುವಾರ, ಮಂಗಳವಾರ, ವೆಬ್‌ಸೈಟಿಗೆ ಫೋಟೊ ತೆಗೆಯಲು ಅವಳು ಕೃಷ್ಣಪ್ರಸಾದರ ಅಂಗಡಿಯಲ್ಲಿದ್ದಳು. ಯಂತ್ರ ರಿಪೇರಿ ಮಾಡುವವರು ವಾರಕ್ಕೊಮ್ಮೆ ಬಂದು ಮಧ್ಯಾಹ್ನ ಹನ್ನೆರಡಕ್ಕೆ ಹೊರಟುಬಿಡುತ್ತಾರೆ. ಅಂದೂ ಹೊರಟಾಗಿತ್ತು. ಗಂಟೆ ಒಂದರ ಮೇಲೆ, ಮೆಟ್ಟಿಲು ಹತ್ತಿ ಒಬ್ಬ ಹೆಂಗಸು ಬಂದರು. ಅರುವತ್ತರ ಹತ್ತಿರದ ಪ್ರಾಯ, ಬಿಸಿಲಿಗೆ ಕೆಂಪಾದ ಮುಖ, ಕೈಯಲ್ಲಿ ಕರವಸ್ತ್ರದೊಳಗೆ ಕಟ್ಟಿದ, ಹಾಳಾದ ಶ್ರವಣಯಂತ್ರ.

"ಇವತ್ತು ಆಗುವುದಿಲ್ಲ, ಬರುವ ಮಂಗಳವಾರ ಬನ್ನಿ!" ಕೃಷ್ಣಪ್ರಸಾದ್ ಜೋರಾಗಿ ಹೇಳಿದರು. ಮತ್ತೆ ಇನ್ನೂ ಜೋರಾಗಿ.

"ಬೊಬ್ಬೆ ಹಾಕಬೇಡಿ ಮಾರಾಯ್ರೆ. ನನಗೆ ಕೇಳುವುದಿಲ್ಲ, ಪೇಟೆಗೆಲ್ಲ ಕೇಳ್ತದೆ," ಎಂದು ಆಕೆ ಕುರ್ಚಿಯಲ್ಲಿ ಕೂತರು. "ಬರೆದು ತೋರಿಸಿ."

ಅವರು ಬರೆದು ತೋರಿಸಿದರು. ಓದಿ ಆಕೆ ಕರವಸ್ತ್ರದ ಗಂಟನ್ನು ಮತ್ತೆ ಬಿಗಿದರು.

ಹೆಸರು ಸೇಸಮ್ಮ. ಪೊಳಲಿ ಹತ್ತಿರದ ಅಮ್ಮುಂಜೆಯವರು, ಅಂಗನವಾಡಿಯಲ್ಲಿ ಸಹಾಯಕಿ. ಅರ್ಧ ದಿನ ರಜೆ ಹಾಕಿ ಬಂದಿದ್ದರು. "ಬೆಳಿಗ್ಗೆ ಒಂಬತ್ತಕ್ಕೇ ಪೊಳಲಿಗೆ ಹೋದೆ. ದೇವಸ್ಥಾನದ ಸುತ್ತ ಹುಡುಕಿದೆ. ಹೂ ಮಾರುವವಳು ಏನೋ ಹೇಳಿ ನಕ್ಕಳು, ನಾನೂ ನಕ್ಕೆ. ಅವಳು 'ಇಲ್ಲ' ಎಂದದ್ದು ಅಂತ ಗೊತ್ತಾಗಲಿಕ್ಕೆ ಮತ್ತೆ ಮೂರು ಅಂಗಡಿ ಸುತ್ತಬೇಕಾಯ್ತು. ಕೊನೆಗೆ ಒಬ್ಬರು ಈ ನಂಬರಿಗೆ ಫೋನ್ ಮಾಡಿ, ಪಾಣೆಮಂಗಳೂರು ಅಂತ ಚೀಟಿಯಲ್ಲಿ ಬರೆದುಕೊಟ್ಟರು."

"ಪೊಳಲಿ ಅಂತ ನಿಮಗೆ ಯಾರು ಹೇಳಿದ್ದು?" ಕೃಷ್ಣಪ್ರಸಾದ್ ಬರೆದರು.

ಸೇಸಮ್ಮ ಮೊಬೈಲು ತೆಗೆದು ಮೇಜಿನ ಮೇಲಿಟ್ಟರು. ಸುರಕ್ಷಾಳ ಸಾಲು ಅಲ್ಲಿತ್ತು. ಅದರ ಕೆಳಗೆ, "ಈಗಲೇ ಕರೆ ಮಾಡಿ."

"ಕಿವಿ ಕೇಳದವರಿಗೆ ಕರೆ ಮಾಡಿ ಅಂತೀರಲ್ಲ! ಕಾಲಿಲ್ಲದವನಿಗೆ ಮೆಟ್ಟಿಲು ತೋರಿಸಿದ ಹಾಗೆ." ಆಕೆ ನಗಲು ನೋಡಿದರು. ನಗು ಬರಲಿಲ್ಲ. "ಮೊನ್ನೆ ಒಂದು ಮಗು ಬಾವಿಕಟ್ಟೆ ಬಳಿ ಜಾರಿ ಬಿದ್ದು ಕೂಗಿತಂತೆ. ನಾನು ಹತ್ತು ಹೆಜ್ಜೆ ದೂರದಲ್ಲಿ ಪಾತ್ರೆ ತೊಳೆಯುತ್ತಿದ್ದೆ. ಟೀಚರು ಓಡಿ ಬಂದ ಮೇಲೆಯೇ ನಾನು ತಿರುಗಿದ್ದು. ಇನ್ನು ಒಂದು ವಾರ ಹೇಗೆ ಮಕ್ಕಳನ್ನು ನೋಡಿಕೊಳ್ಳುವುದು?"

ನಾಲ್ಕು ಜನರ ಎದುರು ಬಾಯಿ ತೆರೆಯಲು ಸುರಕ್ಷಾಳಿಗೆ ಯಾವತ್ತೂ ಆಗುತ್ತಿರಲಿಲ್ಲ. ಇಲ್ಲಿ ಬಾಯಿ ಬೇಕಿರಲಿಲ್ಲ. ಅವಳು ಕಾಗದ ಎಳೆದುಕೊಂಡು ಬರೆದಳು: "ಆ ಸಾಲು ಬರೆದದ್ದು ನಾನು."

ಸೇಸಮ್ಮ ಕಾಗದ ನೋಡಿದರು, ಅವಳನ್ನು ನೋಡಿದರು. "ಅಕ್ಷರ ಚೆಂದ ಉಂಟು," ಎಂದರು. "ನೀನು ಪೊಳಲಿಗೆ ಹೋಗಿದ್ದೀಯಾ?"

ಸುರಕ್ಷಾ ಹೌದೆಂದು ತಲೆಯಾಡಿಸಿದಳು. ಪ್ರತಿ ವರ್ಷ ಹೋಗುತ್ತಿದ್ದಳು.

"ಹಾಗಾದ್ರೆ ಅಲ್ಲಿ ಅಂಗಡಿ ಇಲ್ಲ ಅಂತ ನಿನಗೆ ಗೊತ್ತಿತ್ತು."

ಸಂಜೆ ಮನೆಯ ಜಗಲಿಯಲ್ಲಿ ಅಮ್ಮ ಪ್ರೇಮಾವತಿ ಬೀಡಿಯ ಕಟ್ಟು ಹಾಕುತ್ತಿದ್ದರು. ಒಂದು ಕಟ್ಟನ್ನು ಕೈಯಲ್ಲಿ ಒತ್ತಿ ನೋಡಿ, ಬಿಚ್ಚಿ, ನಡುವಿನಿಂದ ಹೊಗೆಸೊಪ್ಪು ಕಡಿಮೆಯಾದ ಎರಡು ಸಪೂರ ಬೀಡಿ ತೆಗೆದು ಬದಿಗಿಟ್ಟರು. ಚಿಕ್ಕವಳಿದ್ದಾಗ ಎಣಿಕೆ ತುಂಬಿಸಲು ಅಂಥವನ್ನು ಒಳಗೆ ಅಡಗಿಸುತ್ತಿದ್ದದ್ದು ಸುರಕ್ಷಾಳೇ. ಅಮ್ಮ ಒಮ್ಮೆಯೂ ಬೈದಿರಲಿಲ್ಲ, ಪ್ರತಿ ಸಲ ಬಿಚ್ಚಿ ಮತ್ತೆ ಕಟ್ಟುತ್ತಿದ್ದರು. ಸುರಕ್ಷಾ ಗೆರಸೆಯನ್ನು ತನ್ನ ಕಡೆಗೆ ಎಳೆದುಕೊಂಡು ಆ ಎರಡು ಬೀಡಿಯನ್ನು ಬಿಚ್ಚಿ ಮತ್ತೆ ಸುತ್ತಿದಳು.

ಮರುದಿನ ರೋಹಿತನಿಗೆ ಎಲ್ಲವನ್ನೂ ಹೇಳಿದಳು. "ಆ ಮೂವತ್ತೇಳು ಪುಟ ತೆಗೆಯುತ್ತೇನೆ."

"ತಲೆ ಸರಿ ಉಂಟಾ ನಿನಗೆ? ಮಂಗಳೂರಿನ ದೊಡ್ಡ ದೊಡ್ಡವರೆಲ್ಲ ಹಣ ಸುರಿದು ಮೇಲೆ ಕೂತಿದ್ದಾರೆ. ನ್ಯಾಯ ಅಂತ ಕೂತರೆ ನಮ್ಮ ಪಾಣೆಮಂಗಳೂರಿನ ಅಂಗಡಿಯನ್ನು ಯಾರು ನೋಡ್ತಾರೆ?"

ಅವನ ಮಾತು ಪೂರ್ತಿ ಸುಳ್ಳಲ್ಲವೆಂದು ಅವಳಿಗೂ ಗೊತ್ತಿತ್ತು. ಆದರೂ ಕೇಳಿದಳು, "ಫೋನ್ ಮಾಡಿ ಕೇಳ್ತಾರೆ ಅಂದಿರಲ್ಲ. ಕಿವಿ ಕೇಳದವರು ಹೇಗೆ ಕೇಳುವುದು?"

ರೋಹಿತ್ ಕಿಟಕಿ ಕಡೆಗೆ ತಿರುಗಿ, "ಗೂಗಲ್‌ನಲ್ಲಿ ಅಂಗಡಿ ಕೆಳಗೆ ಹೋದರೆ ಕೆಲಸ ಕಾಯಂ ಮಾಡಿ ಅಂತ ನನ್ನನ್ನು ಕೇಳಬಾರದು," ಎಂದ.

"ಕೇಳುವುದಿಲ್ಲ."

ಅವಳು ಒಂದೊಂದಾಗಿ ಅಳಿಸಿದಳು. ಪೊಳಲಿಯನ್ನು ಮೊದಲು. ಆಮೇಲೆ ಕೃಷ್ಣಪ್ರಸಾದರ ಬಳಿ ಹೋಗಿ, ಒಂದೇ ಒಂದು ಪುಟಕ್ಕಾಗಿ ಪ್ರಶ್ನೆ ಕೇಳಿದಳು. ಬಸ್ಸಿನಿಂದ ಎಲ್ಲಿ ಇಳಿಯಬೇಕು, ಏನು ತರಬೇಕು, ರಿಪೇರಿ ಯಾವಾಗ.

"ಮಂಗಳವಾರ ಮಾತ್ರ ಅಂತ ಬರೆದರೆ ಉಳಿದ ದಿನ ಯಾರು ಬರ್ತಾರೆ?" ಎಂದರು ಅವರು.

"ಉಳಿದ ದಿನ ಬಂದವರು ಏನು ಮಾಡಿದರು?"

"ಏನು ಮಾಡ್ತಾರೆ, ವಾಪಸ್ ಹೋದರು." ಹೇಳಿದ ಮೇಲೆ ಅವರೇ ಗಲ್ಲ ಕೆರೆದುಕೊಂಡರು. "ಸರಿ, ಬರಿ."

ಅವಳು ಬರೆದಳು. ರಿಪೇರಿ ಮಂಗಳವಾರ ಹತ್ತರಿಂದ ಹನ್ನೆರಡರವರೆಗೆ ಮಾತ್ರ. ಹನ್ನೊಂದು ಮೆಟ್ಟಿಲು ಉಂಟು, ಹತ್ತಲು ಆಗದವರಿಗೆ ಕೆಳಗೆ ಬಂದು ನೋಡುತ್ತೇವೆ. ಕರೆ ಮಾಡಬೇಕಾಗಿಲ್ಲ, ಬರೆದು ಕಳಿಸಿ, ಬರೆದೇ ಉತ್ತರಿಸುತ್ತೇವೆ.

ನಾಲ್ಕೇ ದಿನದಲ್ಲಿ ಅಂಗಡಿ ಎರಡನೇ ಪುಟಕ್ಕೆ ಇಳಿಯಿತು. ರೋಹಿತ್ ಈ ಸಲ ಗೋಳಿಬಜೆ ತರಿಸಲಿಲ್ಲ. ಸೋಮವಾರ ಹೊರಡುವ ಹೊತ್ತಿಗೆ ಮಾತ್ರ, ಅವಳ ಮುಖ ನೋಡದೆ ಹೇಳಿದ: "ಮುಂದಿನ ತಿಂಗಳು ಬಂಟ್ವಾಳದ ಒಂದು ಕನ್ನಡಕದ ಅಂಗಡಿಯ ಕೆಲಸ ಉಂಟು. ಹೋಗಿ ನೋಡಿ ಬಾ. ಮೆಟ್ಟಿಲು ಎಷ್ಟು ಅಂತಲೂ ಎಣಿಸು."

ಮಂಗಳವಾರ ಹತ್ತಕ್ಕೆ ಮೊದಲೇ ಸೇಸಮ್ಮ ಬಂದಿದ್ದರು. ಸುರಕ್ಷಾ ಅಂಗಡಿಯ ಮೊಬೈಲು ಹಿಡಿದು ಮೂಲೆಯಲ್ಲಿ ಕೂತು, ಬರೆದು ಕೇಳಿದವರಿಗೆ ಬರೆದು ಉತ್ತರಿಸುತ್ತಿದ್ದಳು. ಅಂದು ಅಂಥವರು ಐದು ಜನ. ರಿಪೇರಿಯವರು ಯಂತ್ರವನ್ನು ಸೇಸಮ್ಮನ ಕಿವಿಗಿಟ್ಟು ಅದರ ಪುಟ್ಟ ತಿರುಪನ್ನು ಮೆಲ್ಲನೆ ತಿರುಗಿಸಿದರು. ಆಕೆ ಕಣ್ಣು ಮುಚ್ಚಿ ಕೂತಿದ್ದವರು ತಟ್ಟನೆ ತೆರೆದರು.

ಕೆಳಗೆ ರಸ್ತೆಯಲ್ಲಿ ಬಸ್ಸಿನ ಕಂಡಕ್ಟರ್ ಕೂಗುತ್ತಿದ್ದ, "ಪೊಳಲಿ, ಪೊಳಲಿ, ಪೊಳಲೀ..."

"ಕೇಳಿತು," ಎಂದರು ಸೇಸಮ್ಮ. ಸುರಕ್ಷಾಳ ಕಡೆ ಓರೆಗಣ್ಣಿನಿಂದ ನೋಡಿ ಸೇರಿಸಿದರು, "ಅಲ್ಲಿ ಅಂಗಡಿ ಹುಡುಕಲಿಕ್ಕೆ ಹೋಗುವುದಿಲ್ಲ ಮಾರಾಯ್ತಿ, ಹೆದರಬೇಡ. ಸೀದಾ ಮಕ್ಕಳ ಹತ್ತಿರ ಹೋಗ್ತೇನೆ."