ಅತ್ತೆಯ ಹಲ್ಲಿನ ಅಳತೆ

ನಾನು ಹಲ್ಲು ಕಟ್ಟುವವಳು. ದಂತವೈದ್ಯರು ಕಳಿಸುವ ಅಚ್ಚಿಗೆ ಪ್ಲಾಸ್ಟರ್ ಸುರಿದು ಒಸಡಿನ ಪ್ರತಿರೂಪ ತೆಗೆಯುವುದು, ಅದರ ಮೇಲೆ ಮೇಣದಲ್ಲಿ ಹಲ್ಲು ಜೋಡಿಸುವುದು ನನ್ನ ಕೆಲಸ. ಹೀಗಾಗಿ ನೂರಾರು ಜನರ ಬಾಯಿ ನನಗೆ ಗೊತ್ತು, ಮುಖ ಗೊತ್ತಿಲ್ಲ. ಗೊತ್ತಿರುವ ಮುಖಕ್ಕೆ ಹಲ್ಲು ಕಟ್ಟಬೇಕಾಗಿ ಬಂದದ್ದು ಅತ್ತೆಗೆ ಲಕ್ವ ಹೊಡೆದ ಮೇಲೆ.

ಲಕ್ವ ಅವರ ಬಲಗೈಯನ್ನೂ ಮಾತನ್ನೂ ತೆಗೆದುಕೊಂಡು ಹೋಯಿತು. ಮುಖ ಒಂದು ಕಡೆ ಜಾರಿ, ಹಳೆಯ ಹಲ್ಲಿನ ಸೆಟ್ಟು ಬಾಯಲ್ಲಿ ನಿಲ್ಲದಾಯಿತು. ಏನು ಕೊಟ್ಟರೂ ಅರೆದೇ ಕೊಡಬೇಕು. ಮಾತು ಹೋಯಿತು ಅಂದೆನಲ್ಲ, ಪೂರ್ತಿ ಹೋಗಿರಲಿಲ್ಲ. ಯೋಚಿಸಿ ಆಡುವ ಮಾತಿಗೆ ಮಿದುಳಿನಲ್ಲಿ ಒಂದು ದಾರಿ, ರೂಢಿಯಿಂದ ಬಾಯಿಗೆ ಬರುವ ಮಾತಿಗೆ ಇನ್ನೊಂದು. ಅತ್ತೆಗೆ ಎರಡನೆಯದು ಉಳಿದಿತ್ತು. ‘ನೀರು’ ಅನ್ನಲು ಬಾರದವರು ನನ್ನನ್ನು ಕಂಡರೆ ‘ದರಿದ್ರದವಳೇ’ ಎಂದು ಸ್ಪಷ್ಟವಾಗಿ ಅನ್ನುತ್ತಿದ್ದರು. ಚರ್ಚಿನ ಸಭಾಪಾಲಕರು ಬಂದು ಜೊತೆಗೆ ದನಿ ಕೊಟ್ಟಾಗ ಯೇಸು ಕಲಿಸಿದ ಕರ್ತನ ಪ್ರಾರ್ಥನೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದ್ದರು. ದೇವರಿಗೊಂದು, ನನಗೊಂದು. ಹಂಚಿಕೆಯಲ್ಲಿ ಮೋಸವಿರಲಿಲ್ಲ.

ಲಕ್ವಕ್ಕೂ ಮೊದಲು, ನನ್ನ ಗಂಡ ಎದೆನೋವಿನಿಂದ ತೀರಿಕೊಂಡಾಗ ನಾನು ಕೆಲಸದ ಜಾಗದಲ್ಲಿದ್ದೆ. ಸಮಾಧಿಯ ಪಕ್ಕದಲ್ಲಿ, ಇಡೀ ಸಭೆಯ ಮುಂದೆ ಅತ್ತೆ ಅಂದರು, “ನನ್ನ ಮಗನ್ನ ನುಂಗಿ ನೀರು ಕುಡಿದ್ಲು ಇವ್ಳು.” ಆಮೇಲೂ ಒಂದೇ ಮನೆಯಲ್ಲಿದ್ದೆವು, ಇಬ್ಬರಿಗೂ ಹೋಗಲು ಬೇರೆ ಜಾಗವಿರಲಿಲ್ಲ. ಚರ್ಚಿಗೆ ಹೋಗುವುದನ್ನು ನಾನು ಬಿಡಲಿಲ್ಲ. ಆ ದಿನಗಳಲ್ಲಿ ನಾನು ಕುಸಿಯದಂತೆ ಹಿಡಿದದ್ದು ಅದೊಂದೇ. ಅಳುವುದಕ್ಕೆ ಅಲ್ಲೊಂದು ಬೆಂಚಿತ್ತು, ಅತ್ತದ್ದನ್ನು ತಪ್ಪು ತಿಳಿಯದ ಒಬ್ಬ ಕರ್ತನಿದ್ದ. ಆದರೆ ಕರ್ತನ ಪ್ರಾರ್ಥನೆಯಲ್ಲಿ, ನಮಗೆ ಕೆಡುಕು ಮಾಡಿದವರನ್ನು ನಾವು ಕ್ಷಮಿಸಿದ್ದೇವೆ ಎನ್ನುವ ಕಡೆ ಬಾಯಿ ಮುಚ್ಚುತ್ತಿದ್ದೆ. ತೆಗೆಯದ ಅಳತೆಯನ್ನು ತೆಗೆದೆನೆಂದು ಬರೆಯಬಾರದು ಎಂದು ಕಾಲೇಜಿನಲ್ಲಿ ಕಲಿಸಿದ್ದರು. ದೇವರ ಮುಂದೆ ಆ ನಿಯಮ ಸಡಿಲವಾಗುತ್ತದೆಂದು ನನಗೆ ಅನಿಸಿರಲಿಲ್ಲ.

ಅತ್ತೆಗೆ ಲಕ್ವ ಹೊಡೆದು ಕೆಲವು ತಿಂಗಳಾದ ಮೇಲೆ ನಾದಿನಿ ಫೋನ್ ಮಾಡಿದಳು.

“ಅತ್ತಿಗೆ, ಆರೈಕೆ ಮನೇಲಿ ಅಮ್ಮನಿಗೆ ಜಾಗ ಸಿಕ್ಕಿದೆ. ಶನಿವಾರ ಬಂದು ಕರ್ಕೊಂಡ್ಹೋಗ್ತೀನಿ. ನೀವು ಪಟ್ಟಿದ್ದು ಸಾಕು.”

“ಸರಿ, ಕರ್ಕೊಂಡ್ಹೋಗು,” ಅಂದೆ. ನಿಜ ಹೇಳಬೇಕೆಂದರೆ, ಸಂತೋಷವಾಯಿತು.

ಅಲ್ಲಿ ಪ್ರತಿ ತುತ್ತನ್ನೂ ಅರೆದು ಕೊಡುವವರಿಲ್ಲ. ಹೋಗುವ ಮೊದಲು ಹೊಸ ಹಲ್ಲು ಆಗಲೇಬೇಕಿತ್ತು. ನಾನು ಕೆಲಸ ಮಾಡಿಕೊಡುವ ದಂತವೈದ್ಯೆಯೇ ಮನೆಗೆ ಬಂದು ಒಸಡಿನ ಅಚ್ಚು ತೆಗೆದರು. ಉಳಿದದ್ದು ಎತ್ತರದ ಅಳತೆ. ಮೂಗಿನ ತುದಿಯಲ್ಲೊಂದು, ಗಲ್ಲದಲ್ಲೊಂದು ಚುಕ್ಕೆ ಇಟ್ಟು, ದವಡೆ ಸಹಜವಾಗಿ ಸಡಿಲಗೊಂಡಾಗ ಅವುಗಳ ನಡುವಿನ ದೂರ ನೋಡಬೇಕು. ಹಲ್ಲು ಎತ್ತರವಾದರೆ ಮಾತಿಗೆಲ್ಲ ಟಕಟಕ ಅನ್ನುತ್ತದೆ, ತಗ್ಗಾದರೆ ಮುಖ ಕುಸಿಯುತ್ತದೆ. ದವಡೆ ಸಡಿಲವಾಗಲೆಂದು ತುಟಿ ಕೂಡಿಸುವ ಮಾತು ಹೇಳಿಸುತ್ತಾರೆ.

“ಅಮ್ಮ ಅನ್ನಿ,” ಅಂದರು ವೈದ್ಯೆ.

ಅತ್ತೆ ಕಷ್ಟಪಟ್ಟರು. ಹಣೆ ಬೆವರಿತು. ಪ್ರಯತ್ನಿಸಿದಷ್ಟೂ ದವಡೆ ಬಿಗಿಯಾಯಿತು. ಕೊನೆಗೆ ನನ್ನ ಕಡೆ ತಿರುಗಿ, “ದರಿದ್ರದವಳೇ,” ಅಂದರು.

ವೈದ್ಯೆ ನಗು ತಡೆದುಕೊಂಡು ಚೀಲ ಎತ್ತಿದರು. “ನನ್ ಕೈಲಿ ಆಗಲ್ಲ ಕಣಮ್ಮ. ನೀವಾದ್ರೆ ಮನೆಯವ್ರು. ಆರಾಮಾಗಿ ಕೂರ್ಸಿ ನೋಡಿ.”

ಆಗ ನನಗೆ ಹೊಳೆದದ್ದು ಪ್ರಾರ್ಥನೆ. ಅದರಲ್ಲಿ ‘ನಮ್ಮ’ ಎಷ್ಟು ಸಲ ಬರುತ್ತದೆ! ಮಧ್ಯಾಹ್ನ ಕಿಟಕಿಯ ಬಳಿ ಎದುರುಬದುರು ಕೂತೆವು. ಒಸಡಿನ ಮೇಲೆ ಹಲ್ಲಿನ ಬದಲು ಮೇಣದ ಕಟ್ಟೆ ಕೂರಿಸಿ, ಕೈಯಲ್ಲಿ ಅಳತೆಪಟ್ಟಿ ಹಿಡಿದು, “ಅತ್ತೆ, ನನ್ ಜೊತೆ ಹೇಳಿ,” ಅಂದು ಶುರುಮಾಡಿದೆ.

ಅವರ ಕಣ್ಣು ನನ್ನ ತುಟಿಗೆ ಅಂಟಿಕೊಂಡಿತು. ಮೊದಲ ಪದಕ್ಕೇ ದನಿ ಬಂತು. ಬಿಗಿದಿದ್ದ ದವಡೆ ಇಳಿಯಿತು. ಕೆಲಸ ಸಲೀಸು ಅಂದುಕೊಂಡೆ. ಅಷ್ಟರಲ್ಲಿ ಕ್ಷಮಿಸಿದ್ದೇವೆ ಎನ್ನುವ ಆ ಸಾಲು ಬಂತು, ರೂಢಿಯಂತೆ ನಾನು ಬಾಯಿ ಮುಚ್ಚಿದೆ.

ಅತ್ತೆಯ ದನಿಯೂ ನಿಂತಿತು. ಅರ್ಧ ತೆರೆದ ಬಾಯಿ ಹಾಗೇ ಉಳಿಯಿತು.

ಆ ಸಾಲು ಹಾರಿಸಿ ಮುಂದಿನದಕ್ಕೆ ಹೋದೆ. ಅವರಿಗೆ ಆಗಲಿಲ್ಲ, ಬಾಯಿಪಾಠಕ್ಕೆ ಹಾರುವುದು ಗೊತ್ತಿಲ್ಲ. ಮತ್ತೆ ಮೊದಲಿನಿಂದ ಹೇಳಿದೆವು. ಮತ್ತೆ ಅಲ್ಲಿಗೇ ಬಂದು ನಿಂತೆವು. ಚರ್ಚಿನಲ್ಲಿ ನಾನು ಸುಮ್ಮನಾದರೆ ಯಾರಿಗೂ ತಿಳಿಯುತ್ತಿರಲಿಲ್ಲ, ಸುತ್ತಲಿನ ದನಿ ಮುಂದೆ ಸಾಗುತ್ತಿತ್ತು. ಇಲ್ಲಿ ಇದ್ದದ್ದು ನನ್ನ ದನಿ ಒಂದೇ. ಕೇಡಿನಿಂದ ಬಿಡಿಸು ಎಂದು ಬೇಡುವ ಮಾತು ಆ ಸಾಲಿನ ಆಚೆ ಇತ್ತು, ಮಗನನ್ನು ಕಳೆದುಕೊಂಡ ಈ ಮುದುಕಿ ಅಲ್ಲಿಗೆ ಹೋಗದಂತೆ ನಾನು ಬಾಗಿಲಿಗೆ ಅಡ್ಡ ಕೂತಿದ್ದೆ.

ಅತ್ತೆ ಎಡಗೈಯಿಂದ ನನ್ನ ಮಣಿಕಟ್ಟು ಹಿಡಿದು ಅಲ್ಲಾಡಿಸಿದರು. ಮುಂದೆ ಹೇಳು, ಅನ್ನುವಂತೆ.

ಕರ್ತನೇ, ನನ್ನಲ್ಲಿ ಇಲ್ಲದ್ದನ್ನು ಇದೆ ಎಂದು ಹೇಳಿಸಬೇಡ, ಅಂದುಕೊಂಡೆ ಮನಸ್ಸಿನಲ್ಲೇ. ಇಲ್ಲದಿದ್ದರೆ ನೀನೇ ಕೊಡು. ಕೊಟ್ಟನೋ ಇಲ್ಲವೋ ನೋಡಲು ಕಾಯದೆ ಬಾಯಿ ತೆರೆದೆ. ಒಂದೊಂದೇ ಪದ. ನನ್ನ ದನಿ ನಡುಗಿತು, ಅವರದು ನಡುಗಲಿಲ್ಲ. ಆ ಸಾಲಿನಿಂದ ಆಚೆ ಹೋದೆವು, ಕೊನೆಯ ಆಮೆನ್‌ವರೆಗೂ. ಅತ್ತೆ ದೊಡ್ಡ ಉಸಿರು ಬಿಟ್ಟು ಕುರ್ಚಿಗೆ ಒರಗಿದರು. ಅವರ ಮುಖ ಅಷ್ಟು ಸಡಿಲವಾಗಿದ್ದನ್ನು ನಾನು ನೋಡಿರಲಿಲ್ಲ.

ಅಳತೆ ತೆಗೆಯುವುದು ಮರೆತೇ ಹೋಗಿತ್ತು.

ಮತ್ತೆ ಹೇಳಬೇಕಾಯಿತು. ಎರಡನೆಯ ಸಲ ಆ ಸಾಲು ಹಗುರವಾಯಿತು ಅಂದರೆ ಸುಳ್ಳಾದೀತು. ತುಸು ಕಡಿಮೆ ಭಾರ, ಅಷ್ಟೇ. ಈ ಸಲ ಆಮೆನ್ ಆದಮೇಲೆ ಕಣ್ಣೊರೆಸಿಕೊಂಡು ಅಳತೆ ಓದಿದೆ.

ಸಂಜೆ ನಾದಿನಿಗೆ ನಾನೇ ಫೋನ್ ಮಾಡಿದೆ.

“ಅಮ್ಮ ಇಲ್ಲೇ ಇರ್ಲಿ ಕಣೇ.”

“ತಲೆ ಕೆಟ್ಟಿದೆಯಾ ಅತ್ತಿಗೆ? ನಿಮ್ಮನ್ನ ಏನೇನಂದಿದಾಳೆ, ನಾನೇ ಕೇಳಿಲ್ವಾ?”

“ಅಂದಿದಾರೆ. ನಾನೂ ಮರ್ತಿಲ್ಲ.”

“ಮತ್ತೇನು, ಸಂತಳಾಗೋಕೆ ಹೊರಟಿದೀರಾ?”

“ಸಂತರಿಗೆ ಸೊಂಟನೋವು ಬರಲ್ಲ ಅನ್ಸುತ್ತೆ. ನನಗೆ ಬಂದಿದೆ. ನಾನೊಬ್ಳೇ ಮಾಡೋಕಾಗಲ್ಲ. ವಾರದ ಕೊನೇಲಿ ನೀನು ಬಂದಿರ್ಬೇಕು. ಒಪ್ಪಿದ್ರೆ ಮಾತ್ರ.”

“ನಂಗೆ ಅಮ್ಮನ್ನ ಮುಟ್ಟೋಕೇ ಭಯ ಅತ್ತಿಗೆ.”

“ಬಾ. ಎತ್ತೋದು ಹೇಗೆ, ಕೂರ್ಸೋದು ಹೇಗೆ, ಎಲ್ಲ ಹೇಳ್ಕೊಡ್ತೀನಿ.”

ಫೋನ್ ಇಟ್ಟು ಅತ್ತೆಯ ಕಡೆ ತಿರುಗಿದೆ. “ಇಲ್ಲೇ ಇರ್ತೀರಾ? ಅಲ್ಲಿ ನರ್ಸುಗಳಿದಾರೆ, ಇಲ್ಲಿ ನಾನೇ ಗತಿ.” ತಲೆಯಾಡಿಸುವಾಗ ಅವರಿಗೆ ಹೌದು, ಅಲ್ಲ ಎರಡೂ ಅದಲುಬದಲಾಗುತ್ತಿದ್ದವು. ಜಾರಿದ ಹೊದಿಕೆಯನ್ನು ಎಡಗೈಯಿಂದ ಎಳೆದುಕೊಂಡು ಅದೇ ಕುರ್ಚಿಯಲ್ಲಿ ಭದ್ರವಾಗಿ ಕೂತರು.

ಶನಿವಾರ ನಾದಿನಿ ಬಟ್ಟೆಯ ಚೀಲ ಹಿಡಿದು ಬಂದಳು. ವೈದ್ಯೆ ಹೊಸ ಹಲ್ಲು ಹಾಕಿ, ಕಚ್ಚಿಸಿ ನೋಡಿ, “ಅಳತೆ ಸರಿಯಾಗಿದೆ,” ಅಂದು ಹೋದರು. ಹೊಸ ಹಲ್ಲು ಮೊದಲ ದಿನವೇ ಒಗ್ಗುವುದಿಲ್ಲ. ಊಟದ ನಡುವೆ ಅತ್ತೆ ತುತ್ತು ನಿಲ್ಲಿಸಿ ಮುಖ ಹಿಂಡಿದರು.

“ಎಲ್ಲಿ ಒತ್ತುತ್ತೆ ಅತ್ತೆ?”

ಬೈಗುಳ ಬರುತ್ತದೆಂದು ನಾದಿನಿ ನನ್ನತ್ತ ನೋಡಿದಳು. ಅತ್ತೆ ನನ್ನ ಬೆರಳು ಹಿಡಿದುಕೊಂಡರು, ತಮ್ಮ ಬಾಯೊಳಗೆ ತಾವೇ ಒಯ್ದರು, ಎಡಗಡೆ ಹಲ್ಲಿನ ಅಂಚು ಒತ್ತಿ ಕೆಂಪಾದ ಒಸಡಿನ ಒಂದು ಜಾಗದ ಮೇಲೆ ಇಟ್ಟರು. ಆಮೇಲೆ ಯಾರೂ ದನಿ ಕೊಡದೆಯೇ, ತಾವೇ ಹುಡುಕಿಕೊಂಡು, ಅಂದರು,

“ಇಲ್ಲಿ.”