ಹಾಜರಿರುವವರು

ಬ್ಯಾಕಪ್ಪಿನ ಹಸಿರು ಪಟ್ಟಿ ಮತ್ತೆ ಅರ್ಧಕ್ಕೇ ನಿಂತಿತು. ವೀರೇಶ್ ಮೌಸನ್ನು ಮೇಜಿಗೆ ಕುಟ್ಟಿದ. ಕುಟ್ಟಿದರೆ ಪಟ್ಟಿ ಮುಂದೆ ಹೋಗುವುದಿಲ್ಲ ಎನ್ನುವುದು ಇತಿಹಾಸದಲ್ಲಿ ಎಂ.ಎ. ಮಾಡಿದವನಿಗೂ ಗೊತ್ತಿರುವ ವಿಷಯ. ಆದರೂ ಇನ್ನೊಮ್ಮೆ ಕುಟ್ಟಿದ. ಅಷ್ಟರಲ್ಲಿ ಕರೆಂಟೇ ಹೋಯಿತು.

"ಹೋತು ಸಾರ್," ಎಂದ ಮಾರುತೇಶ, ಕೂತ ಕುರ್ಚಿಯಿಂದ ಏಳದೆ. ಕಾಲೇಜಿನ ಕಂಪ್ಯೂಟರ್ ಲ್ಯಾಬಿನ ಉಸ್ತುವಾರಿ ಅವನದು. "ಇನ್ನೇನಿದ್ರೂ ಸಂಜೀಕೇ."

"ಯುಪಿಎಸ್ ಇತ್ತಲ್ರೀ?"

"ಬ್ಯಾಟ್ರಿ ಸೆಕ್ರೆಟ್ರಿ ಸಾಹೇಬ್ರ ಮನೀಗೆ ಹೋಗೈತೆ. ಮಗ್ಳು ಬಾಣಂತನಕ್ಕೆ ಬಂದಾಳೆ, ಫ್ಯಾನ್ ನಿಲ್ಲಂಗಿಲ್ಲಂತೆ."

"ಸಂಜೆ ಆರಕ್ಕೆ ಕಂಪನಿಯೋರು ಎಲ್ಲಾ ಮುಚ್ಚಿಬಿಡ್ತಾರೆ. ಅಷ್ಟರೊಳಗೆ ಬ್ಯಾಕಪ್ ಆಗಬೇಕು."

"ಮುಚ್ಲಿ ಬಿಡ್ರಿ ಸಾರ್. ಯಾರು ಓದ್ತಿದ್ರು ಅದ್ನ?"

ಈ ಪ್ರಶ್ನೆಗೆ ವೀರೇಶನಲ್ಲಿ ಉತ್ತರವಿತ್ತು.

ಎರಡು ವರ್ಷದ ಹಿಂದೆ ಮೊಳಕಾಲ್ಮೂರಿನ ಈ ಕಾಲೇಜಿಗೆ ತಪಾಸಣಾ ಸಮಿತಿ ಬರುವುದಿತ್ತು. ಆಧುನಿಕವಾಗಿ ಕಾಣಿಸಬೇಕೆಂದು ಆಡಳಿತ ಮಂಡಳಿ ಬೆಂಗಳೂರಿನ ಯಾವುದೋ ಕಂಪನಿಯಿಂದ ಆನ್‌ಲೈನ್ ಪಾಠದ ವ್ಯವಸ್ಥೆಯೊಂದನ್ನು ಬಾಡಿಗೆಗೆ ತಂದಿತು. ಮೇಷ್ಟರು ಪಾಠವನ್ನು ಅಲ್ಲಿಗೆ ಏರಿಸಬೇಕು, ಹುಡುಗರು ಓದಿ ಕೆಳಗೆ ಪ್ರಶ್ನೆ ಹಾಕಬೇಕು, ಮೇಷ್ಟರು ಉತ್ತರ ಬರೆಯಬೇಕು. ಸಮಿತಿ ಬಂತು, ಗೋಡಂಬಿ ತಿಂದಿತು, ತೃಪ್ತಿಪಟ್ಟು ಹೋಯಿತು. ಉಳಿದ ಮೇಷ್ಟರುಗಳು ತಂತಮ್ಮ ಹೆಸರಿನ ಕೆಳಗೆ ಸಿಲಬಸ್ ಅಂಟಿಸಿ ಕೈ ತೊಳೆದುಕೊಂಡಿದ್ದರು. ವೀರೇಶ್ ಮಾತ್ರ ಬರೆಯುತ್ತಲೇ ಹೋದ. ಈಗ ಮಂಡಳಿಗೆ ಆ ಬಾಡಿಗೆ ದಂಡವೆನಿಸಿದೆ. ಸಮಿತಿ ಮತ್ತೆ ಬರುವುದು ಯಾವಾಗಲೋ.

ಅವನ ಕೋರ್ಸು ಸುತ್ತಲಿನ ಶಾಸನಗಳ ಮೇಲೆ. ಬಂಡೆಗಳ ಫೋಟೋ, ಲಿಪಿಯ ಪಟ, ಒಂದೊಂದು ಸಾಲಿನ ಅರ್ಥ, ತನ್ನದೇ ದನಿಯಲ್ಲಿ ಧ್ವನಿಮುದ್ರಿಸಿದ ವಿವರಣೆ. ಅಶೋಕ ಹೆಚ್ಚೂಕಡಿಮೆ ಒಂದೇ ಮಾತನ್ನು ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಂದು ಕೂಗಳತೆಯ ಮೂರು ಜಾಗಗಳಲ್ಲಿ ಕೊರೆಸಿದ್ದ. ಚಕ್ರವರ್ತಿಗೂ ಬ್ಯಾಕಪ್ಪಿನ ಚಿಂತೆ ಇತ್ತು. ಜಟಿಂಗ ರಾಮೇಶ್ವರದ ಪ್ರತಿಯ ಮೇಲೆ ಬಳೆಗಾರರು ಅಂಗಡಿ ಹೂಡಿ, ಚಪ್ಪರದ ಗೂಟಕ್ಕೆ ಕುಳಿ ತೋಡಿ, ಅಕ್ಷರಗಳನ್ನು ಸವೆಸಿಬಿಟ್ಟರು. ಅವರನ್ನು ಬಯ್ಯುವುದರಲ್ಲಿ ಅರ್ಥವಿಲ್ಲ. ಅವರಿಗೆ ಅದು ಬಂಡೆ, ಅಷ್ಟೆ.

ಇದನ್ನೆಲ್ಲ ತರಗತಿಯಲ್ಲಿ ಹೇಳಿದರೆ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಗುತ್ತಿತ್ತು. ಆನ್‌ಲೈನಿನಲ್ಲಿ ಹಾಗಾಗಲಿಲ್ಲ. ಅಲ್ಲಿ ಒಬ್ಬಳು ಓದುತ್ತಿದ್ದಳು. ಜ್ಯೋತಿಲಕ್ಷ್ಮಿ, ಕೊನೆಯ ವರ್ಷದ ಬಿ.ಎ., ದೇವಸಮುದ್ರದ ಕಡೆಯ ಹುಡುಗಿ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುತ್ತಿದ್ದಳು. ಪ್ರಶ್ನಾರ್ಥಕ ಚಿಹ್ನೆ ಹಾಕುವ ಅಭ್ಯಾಸವಿರಲಿಲ್ಲ. ಪ್ರತಿ ಪ್ರಶ್ನೆಯ ಕೊನೆಗೂ ಎರಡು ಚುಕ್ಕೆ.

ಬ್ರಹ್ಮಗಿರಿಯ ಶಾಸನ ಬರೆದ ಚಪಡನೆಂಬುವನು ಕೊನೆಯಲ್ಲಿ ತನ್ನ ಹೆಸರು ಹಾಕಿ, 'ಲಿಪಿಕಾರ' ಎಂಬ ಒಂದು ಮಾತನ್ನು ಮಾತ್ರ ದೂರದ ವಾಯವ್ಯದ ಲಿಪಿಯಲ್ಲಿ ಕೊರೆದಿದ್ದಾನೆ. ಆ ಪಾಠದ ಕೆಳಗೆ ಅವಳ ಪ್ರಶ್ನೆ ಬಂದಿತ್ತು: 'ಆ ಲಿಪಿ ಇಲ್ಲಿ ಯಾರಿಗೂ ಬರಲ್ಲ ಅಂತ ಗೊತ್ತಿದ್ದೂ ಯಾಕೆ ಬರೆದ ಸಾರ್..'

ಅಂದು ವೀರೇಶನಿಗೆ ಊಟ ಸೇರಲಿಲ್ಲ. ಚಳ್ಳಕೆರೆಯ ಮನೆಯಲ್ಲಿ, ಕೆಳಗೆ ಅಪ್ಪ ಏಕಾಂತಪ್ಪನವರ ಎಣ್ಣೆ ಗಾಣದ ಮೋಟಾರು ಗುಂಯ್‌ಗುಡುತ್ತಿರುವಾಗ, ಪುಟಗಟ್ಟಲೆ ಉತ್ತರ ಬರೆದ. ಹೆಂಡತಿ ಲಕ್ಷ್ಮೀದೇವಿ ಬಾಗಿಲಲ್ಲಿ ನಿಂತು, "ಯಾರಿಗೆ ಇಷ್ಟೊಂದು?" ಎಂದಳು. "ಕಾಲೇಜಿಂದು," ಎಂದ. ಅವಳು ಮತ್ತೆ ಕೇಳಲಿಲ್ಲ. ಕೇಳಬಹುದಿತ್ತು ಎಂದು ಅವನಿಗೂ, ಹೇಳಬಹುದಿತ್ತು ಎಂದು ಅವಳಿಗೂ ಅನಿಸಿರಬೇಕು.

ಇದು ಪ್ರೇಮವಲ್ಲ. ಪ್ರೇಮವಾಗಿದ್ದರೆ ನಾಚಿಕೆಪಟ್ಟು ಬಿಟ್ಟುಬಿಡಬಹುದಿತ್ತು. ತಾನು ಹೇಳಿದ್ದು ಒಂದು ಕಡೆ ಹೋಗಿ ಮುಟ್ಟುತ್ತಿದೆ ಎಂಬ ನೆಮ್ಮದಿ, ಅಷ್ಟೆ. ಅದೊಂದರ ಬಲದ ಮೇಲೆ ಅವನು ದಿನವೂ ಬಸ್ಸು ಹತ್ತುತ್ತಿದ್ದ. ತರಗತಿಯಲ್ಲಿ ಅವಳತ್ತ ತಿರುಗಿಯೂ ನೋಡುತ್ತಿರಲಿಲ್ಲ. ಮಾತಾಡಿದರೆ ಕೆಡುತ್ತದೆ ಎಂದು ಅವನ ಲೆಕ್ಕ.

"ಸಾರ್, ಒಂದು ಮಾತಿತ್ತು."

ಲ್ಯಾಬಿನ ಬಾಗಿಲಲ್ಲಿ ಅವಳೇ ನಿಂತಿದ್ದಳು. ವೀರೇಶನಿಗೆ ಅಂಗಿಯ ಗುಂಡಿ ಹಾಕಿದೆಯೋ ಇಲ್ಲವೋ ಎಂಬ ಅನುಮಾನ ಬಂತು. ಹಾಕಿತ್ತು.

"ಏನಮ್ಮ?"

"ಇವತ್ತು ಆ ಕಂಪ್ಯೂಟ್ರಲ್ಲಿರಾದೆಲ್ಲಾ ಕಾಪಿ ಮಾಡಿ ಇಟ್ಕಂತೀರಂತೆ. ಮಾರುತೇಶಣ್ಣ ಅಂದ."

"ಹೌದು." ಅವನು ಕುರ್ಚಿಯನ್ನು ಅವಳತ್ತ ತಿರುಗಿಸಿದ. "ನಿನ್ನ ಪ್ರಶ್ನೆಗಳೂ ಉಳಿಯುತ್ತವೆ. ಅದಕ್ಕೇ ಇಷ್ಟೆಲ್ಲ ಒದ್ದಾಡ್ತಾ ಇರೋದು."

"ಅದಕ್ಕೇ ಬಂದೆ ಸಾರ್. ನನ್ನ ಹೆಸ್ರು ತೆಗ್ದುಬಿಡ್ರಿ."

ಮಾರುತೇಶ ಕುರ್ಚಿಯಲ್ಲಿ ಸ್ವಲ್ಪ ನೆಟ್ಟಗಾದ.

"ಯಾಕಮ್ಮ?"

"ನಮ್ಮ ಮಾವನ ಮಗ ರಾಯದುರ್ಗದಾಗೆ ನೆಟ್ ಸೆಂಟ್ರು ಇಟ್ಟಾನೆ. ಅವನ್ಗೇ ನನ್ನ ಕೊಡಾದು ಅಂತ ನಿಶ್ಚಯ ಆಗೈತೆ. ಆ ಕಡೆ ಹುಡುಗ್ರು ಯಾರೋ ಅಲ್ಲಿ ಇದ್ನ ತೆಗ್ದಿದ್ರಂತೆ, ನೋಡ್ಬಿಟ್ಟಾನೆ. ಸಾರ್ ಜೊತೀಗೆ ಅಷ್ಟುದ್ದ ಏನು ಮಾತು ಅಂತ ನಮ್ಮವ್ವನ್ನ ಕೇಳ್ಯಾನೆ. ಅವ್ವ ಮೂರು ದಿನದಿಂದ ನನ್ನ ಜೊತೆ ಮಾತಿಲ್ಲ."

"ಪಾಠದ ಪ್ರಶ್ನೆ ಅಂತ ಹೇಳಬಹುದಿತ್ತಲ್ಲ."

"ನಾನು ಬರ್ದಿದ್ರೆ ಹೇಳ್ತಿದ್ದೆ ಸಾರ್."

ವೀರೇಶನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾಗದಂತೆ ಸ್ವಲ್ಪ ಹೊತ್ತು ಇರಲು ನೋಡಿದ. ಹುಡುಗಿ ತಲೆ ತಗ್ಗಿಸಿ ನಿಂತೇ ಇದ್ದಳು.

"ಮತ್ತೆ ಯಾರು ಬರೆದದ್ದು?"

ಅವಳು ಮಾರುತೇಶನತ್ತ ನೋಡಿದಳು. ಅವನು ಕೆಮ್ಮಿದ.

"ಅದು ಸಾರ್, ಒಬ್ಬೊಬ್ರಿಗೂ ಒಂದೊಂದು ಇ-ಮೇಲ್ ಬೇಕು ಅಂದ್ರು ಕಂಪನಿಯೋರು. ನಮ್ಮ ಹುಡುಗ್ರಿಗೆ ಎಲ್ಲೈತೆ? ಈಕೀಗೆ ಸ್ಕಾಲರ್‌ಶಿಪ್ಪಿಗೆ ಅಂತ ಯಾರೋ ಮಾಡಿಕೊಟ್ಟಿದ್ರು. ಅದ್ನೇ ಹಾಕಿ ಒಂದು ಲಾಗಿನ್ ಮಾಡ್ದೆ. ಪಾಸ್‌ವರ್ಡ್ ಬೋರ್ಡ್ ಮ್ಯಾಲೆ ಬರ್ದೆ. ಎಲ್ರೂ ಅದ್ರಾಗೇ ಹೋಗ್ತಿದ್ರು."

"ಇಡೀ ಕಾಲೇಜು? ಒಂದೇ ಹೆಸರಲ್ಲಿ?"

"ನಮ್ಮೂರಾಗೆ ಬೀದಿಯೋರ ಕಾಗದ ಎಲ್ಲಾ ಪಾಲಣ್ಣನ ಅಂಗಡಿ ವಿಳಾಸಕ್ಕೇ ಬರ್ತಾವೆ ಸಾರ್," ಎಂದಳು ಹುಡುಗಿ, ಮಾರುತೇಶನ ಪರವಾಗಿ. "ಹಂಗೇ."

"ಪಾಲಣ್ಣ ಯಾರ ಕಾಗದ ಯಾರಿಗೆ ಅಂತ ಕೊಡ್ತಾನಲ್ಲಮ್ಮ!"

ಅವನ ದನಿ ಏರಿತ್ತು. ಹೊರಗೆ ಯಾರೋ ಸೈಕಲ್ಲಿನ ಸ್ಟ್ಯಾಂಡು ಒದ್ದ ಸದ್ದಾಯಿತು.

"ಆ ಲಿಪಿಕಾರನ ಪ್ರಶ್ನೆ," ಎಂದ ವೀರೇಶ್, ದನಿ ಇಳಿಸಿ. "ಎರಡು ಚುಕ್ಕೆ ಇಡೋರು. ಅದು ಯಾರು ಅಂತಾದರೂ ಗೊತ್ತಾ?"

"ಯಾರೋ ಸಾರ್," ಎಂದ ಮಾರುತೇಶ. "ಬಿ.ಎ.ನೋರೋ, ಬಿ.ಕಾಂನೋರೋ. ಓದೋದು ಬಿಟ್ಟು ಹೋದೋರ ಹತ್ರಾನೂ ಪಾಸ್‌ವರ್ಡ್ ಐತೆ."

"ತೆಗೀತೀರಾ ಸಾರ್?" ಎಂದಳು ಜ್ಯೋತಿಲಕ್ಷ್ಮಿ.

"ತೆಗೀತೀನಿ."

"ಇವತ್ತೇ?"

"ಇವತ್ತೇ ಅಮ್ಮ."

ಅವಳ ಮುಖ ಅರಳಿತು. ಎರಡು ವರ್ಷ ಅವನು ಬರೆದ ಯಾವ ಉತ್ತರವೂ ಯಾರಿಗೂ ಇಷ್ಟು ಸಮಾಧಾನ ಕೊಟ್ಟಿರಲಾರದು. ಮೂರೂವರೆಯ ಬಸ್ಸಿಗೆ ಊರಿಗೆ ಹೋಗ್ತೀನಿ ಎಂದು ಹೇಳಿ ಹೊರಟಳು.

ಕರೆಂಟಿಗಾಗಿ ಹತ್ತಿದ ಚಳ್ಳಕೆರೆಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಸಿಕ್ಕಿದ್ದಕ್ಕೂ ಸಿಟ್ಟು ಬಂತು. ತಳಕಿನವರೆಗೂ ಕುರಿಮಂದೆಗಳು ರಸ್ತೆಗೆ ಅಡ್ಡ ಬಂದು, ಚಾಲಕ ಹಾರ್ನ್ ಒತ್ತಿ ಒತ್ತಿ ಸುಸ್ತಾದ. ವೀರೇಶ್ ತನ್ನ ತರಗತಿಗಳ ಮುಖಗಳನ್ನು ಒಂದೊಂದಾಗಿ ನೆನೆಸಿಕೊಳ್ಳಲು ನೋಡಿದ. ಇವನೋ, ಅವಳೋ? ಹಿಂದಿನ ಬೆಂಚಿನಲ್ಲಿ ತೂಕಡಿಸುತ್ತಿದ್ದವನೋ? ಮುಖಗಳು ಬರಲೇ ಇಲ್ಲ. ಎರಡು ವರ್ಷ ಒಬ್ಬಳನ್ನು ನೋಡದಿರುವ ಶ್ರಮದಲ್ಲಿ ಅವನು ಉಳಿದ ಯಾರನ್ನೂ ನೋಡಿರಲಿಲ್ಲ.

ಬಸ್ ನಿಲ್ದಾಣದ ಎದುರಿಗೆ ಮಂಜುಳಮ್ಮನ ನೆಟ್ ಸೆಂಟರು. ಮೊದಲು ಎಸ್‌ಟಿಡಿ ಬೂತಾಗಿದ್ದ ಜಾಗ. ಅವಳು ಫೋನಿನಲ್ಲಿ ಯಾರೊಂದಿಗೋ ತೆಲುಗಿನಲ್ಲಿ ಜಗಳ ಮಾಡುತ್ತಲೇ ಮೂಲೆಯ ಕಂಪ್ಯೂಟರ್ ತೋರಿಸಿದಳು. ಇಲ್ಲಿ ಕರೆಂಟಿತ್ತು. ಇನ್ನೂ ಹೊತ್ತಿತ್ತು.

ಪುಟ ತೆರೆಯಿತು. ಬಲಗಡೆಯ ಮೂಲೆಯಲ್ಲಿ ಒಂದು ಪುಟ್ಟ ಚೌಕ. ಆ ಗಳಿಗೆಯಲ್ಲಿ ಕೋರ್ಸಿನ ಒಳಗಿರುವವರ ಹೆಸರು ಅದರಲ್ಲಿ ಕಾಣುತ್ತದೆ.

ಈಗ ಹಾಜರಿರುವವರು: ವೀರೇಶ್, ಜ್ಯೋತಿಲಕ್ಷ್ಮಿ.

ಅವನು ಗಡಿಯಾರ ನೋಡಿದ. ಹುಡುಗಿ ಈಗ ದೇವಸಮುದ್ರದ ಬಸ್ಸಿನಲ್ಲಿರುತ್ತಾಳೆ. ಹಾಗಾದರೆ ಒಳಗಿರುವುದು ಬೇರೆ ಯಾರೋ. ಬೋರ್ಡ್ ಮೇಲಿನ ಪಾಸ್‌ವರ್ಡ್ ಬರೆದುಕೊಂಡ ಯಾರೋ, ಮುಚ್ಚುವ ದಿನವೆಂದು ತಿಳಿದು ಬಂದ ಯಾರೋ. ಲಿಪಿಕಾರನ ಪುಟ ತೆಗೆದು, ತನ್ನ ಉದ್ದನೆಯ ಉತ್ತರದ ಕೆಳಗೆ ಟೈಪ್ ಮಾಡಿದ. 'ನೀವು ಯಾರು?' ಹುಡುಗರಿಗೆ ಎಂದೂ ಬಹುವಚನ ಬಳಸಿದವನಲ್ಲ.

ಕಾದ. ಪುಟವನ್ನು ಮತ್ತೆ ತೆರೆದ. ಉತ್ತರವಿಲ್ಲ. ಚೌಕದಲ್ಲಿ ಎರಡೂ ಹೆಸರು ಹಾಗೇ ಇದ್ದವು.

ಕಂಪನಿಗೆ ಫೋನ್ ಮಾಡಿದ. ಆ ಕಡೆಯವನು ವಿನಯದಿಂದ, ಕೇಳಿಸಿಕೊಳ್ಳದೆ ಮಾತಾಡುವ ಜಾತಿ.

"ಒಬ್ಬ ವಿದ್ಯಾರ್ಥಿಯ ಹೆಸರು ತೆಗೆದು, ಬರೆದದ್ದನ್ನು ಮಾತ್ರ ಉಳಿಸಬೇಕು."

"ಬರೆದದ್ದು ಯಾರದಾದರೂ ಹೆಸರಿನಲ್ಲೇ ಇರಬೇಕು ಸರ್. ಒಂದೋ ಅಳಿಸಿ, ಇಲ್ಲವೇ ಬೇರೆಯವರ ಹೆಸರಿಗೆ ವರ್ಗಾಯಿಸಿ. ಎರಡರಲ್ಲೂ ಆ ಲಾಗಿನ್ ಮುಚ್ಚಿಹೋಗುತ್ತದೆ."

"ಹೆಸರಿಲ್ಲದೆ ಇಡಬಹುದಾ?"

"ಅಂಥ ವ್ಯವಸ್ಥೆ ಇಲ್ಲ ಸರ್."

"ಇನ್ನೊಂದು ದಿನ?"

"ಆರಕ್ಕೆ ಮುಚ್ಚುತ್ತದೆ ಸರ್. ಇನ್ನೇನಾದರೂ ಸಹಾಯ ಬೇಕೆ?"

ವೀರೇಶ್ ಫೋನಿಟ್ಟ. ಅಳಿಸಿದರೆ ಪ್ರಶ್ನೆಗಳೆಲ್ಲ ಹೋಗಿ ತನ್ನ ಉತ್ತರಗಳು ಮಾತ್ರ ಉಳಿಯುತ್ತವೆ. ಯಾರೂ ಕೇಳದೆ ಉತ್ತರ ಕೊಡುವ ಹುಚ್ಚನಂತೆ. ವರ್ಗಾಯಿಸು ಎಂದಲ್ಲಿ ಒತ್ತಿದ. ಯಾರಿಗೆ ಎಂದು ಕೇಳಿತು. ಪಟ್ಟಿ ಬಿಚ್ಚಿದರೆ ಅದರಲ್ಲಿದ್ದದ್ದು ಒಂದೇ ಹೆಸರು, ಅವನದೇ.

ಇನ್ನೊಮ್ಮೆ ಪ್ರಶ್ನೆಯ ಪುಟಕ್ಕೆ ಹೋಗಿ ನೋಡಿದ. ಏನೂ ಬಂದಿರಲಿಲ್ಲ. ಆ ಕಡೆ ಕೂತವರು ಯಾರೇ ಆಗಲಿ, ಒಂದು ಹೆಸರು ಬರೆದು ಹಾಕಲು ಇಷ್ಟು ಹೊತ್ತು ಬೇಕೇ? ಬಯ್ಯಬೇಕೆನಿಸಿತು, ಕಾಲು ಹಿಡಿಯಬೇಕೆನಿಸಿತು. ಹುಡುಗಿಗೆ ಕೊಟ್ಟ ಮಾತು ನೆನಪಾಯಿತು. ಮೂರು ದಿನದಿಂದ ಮಾತು ಬಿಟ್ಟ ಅವಳ ಅವ್ವ ನೆನಪಾದಳು. ಗೋಡೆಯ ಗಡಿಯಾರದಲ್ಲಿ ಆರಕ್ಕೆ ಹೆಚ್ಚು ಹೊತ್ತಿರಲಿಲ್ಲ.

ಒತ್ತಿದ.

ವರ್ಗಾವಣೆ ಮುಗಿದು ಬ್ಯಾಕಪ್ ಶುರುವಾಯಿತು. ಬೆಳಿಗ್ಗೆಯಿಂದ ಅರ್ಧಕ್ಕೆ ನಿಲ್ಲುತ್ತಿದ್ದ ಹಸಿರು ಪಟ್ಟಿ ಈಗ ಎಲ್ಲೂ ನಿಲ್ಲದೆ ಸರಸರ ಕೊನೆ ಮುಟ್ಟಿತು. ಪೆನ್‌ಡ್ರೈವಿಗೆ ಇಳಿಸಿಕೊಂಡ. ಬೆರಳಿನಷ್ಟಿದ್ದ ಅದು ಬೆಚ್ಚಗಾಗಿತ್ತು.

"ಎಲ್ಲಾ ಬಂತಾ ಸಾರ್?" ಎಂದಳು ಮಂಜುಳಮ್ಮ, ಫೋನಿನ ಬಾಯಿಗೆ ಕೈ ಅಡ್ಡ ಹಿಡಿದು.

"ಬಂತು."

ಮುಚ್ಚುವ ಮುನ್ನ ಕೊನೆಯ ಸಲ ನೋಡೋಣವೆಂದು ಪುಟ ತೆರೆದ. ಮೇಲಿನಿಂದ ಕೆಳಗೆ ಸರಿಸುತ್ತ ಬಂದ. ಯಾಕೆ ಬರೆದ ಸಾರ್ ಎಂದು ವೀರೇಶ್ ಕೇಳಿದ್ದ. ಪುಟಗಟ್ಟಲೆ ವೀರೇಶ್ ಉತ್ತರಿಸಿದ್ದ. ಅರ್ಥವಾಯಿತು ಸಾರ್, ಆದರೂ ಒಂದು ಅನುಮಾನ ಎಂದು ವೀರೇಶ್ ಮತ್ತೆ ಕೇಳಿದ್ದ. ಒಳ್ಳೆಯ ಪ್ರಶ್ನೆ ಎಂದು ವೀರೇಶ್ ಮೆಚ್ಚಿದ್ದ. ಎರಡು ವರ್ಷದ ಮಾತುಕತೆ, ಒಂದು ಸಾಲೂ ತಪ್ಪದೆ ಉಳಿದಿತ್ತು.

ಕೆಳಗೆ, ಇಂದಿನ ತಾರೀಕಿನಲ್ಲಿ, ವೀರೇಶ್: 'ನೀವು ಯಾರು?'

ಅದರ ಕೆಳಗೆ ಇನ್ನೊಂದು ಸಾಲಿತ್ತು. ಅವನು ಒತ್ತುವುದಕ್ಕೂ ಸ್ವಲ್ಪ ಮುಂಚೆ ಬಂದಿರಬೇಕು.

ವೀರೇಶ್: 'ನಾನು ಸಾರ್..'

ಅವನು ಆ ಎರಡು ಚುಕ್ಕೆಗಳನ್ನು ನೋಡುತ್ತ ಕೂತ. ಆಮೇಲೆ ಕೆಳಗೆ ಟೈಪ್ ಮಾಡಿದ, 'ನಾನು ಅಂದರೆ ಯಾರು?' ಅದೂ ಅದೇ ಹೆಸರಿನಲ್ಲಿ ಹೋಗಿ ಸಾಲಿಗೆ ಸೇರಿಕೊಂಡಿತು. ಆರಾಗುವವರೆಗೂ ಕಾಯಬಹುದು ಎಂದುಕೊಂಡು ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆಳೆದುಕೊಂಡ. ಮೂಲೆಯ ಚೌಕದಲ್ಲಿ, ಈಗ ಹಾಜರಿರುವವರು ಎಂಬುದರ ಮುಂದೆ, ಒಂದೇ ಹೆಸರಿತ್ತು.