ಓಗೊಡದ ಹುಡುಗ

ಹೆಸರಿಟ್ಟುಕೊಳ್ಳುವುದು ಸುಲಭ, ಅದಕ್ಕೆ ಓಗೊಡುವುದೇ ಕಷ್ಟ ಎಂಬುದು ಆಲ್ಡನ್‌ಗೆ ಮೊದಲ ವಾರವೇ ಅರ್ಥವಾಯಿತು. ಹುಟ್ಟಿದಾಗ ಹುಡುಗಿಯೆಂದು ಬರೆಸಿ, ತೀರಿಹೋದ ಅಜ್ಜಿಯ, ಅಂದರೆ ಅಮ್ಮನ ತಾಯಿಯ, ನೆನಪಿಗೆ ಗ್ರೆಚೆನ್ ಎಂದು ಹೆಸರಿಟ್ಟಿದ್ದರು. ತಾನು ಹುಡುಗ ಎಂಬುದು ಅವನಿಗೆ ಬಹಳ ಹಿಂದೆಯೇ ಗೊತ್ತಿತ್ತು. ಅಮೆರಿಕದ ವಿಸ್ಕಾನ್ಸಿನ್‌ನ ತನ್ನ ಸಣ್ಣ ಊರಿನಲ್ಲಿ ಹೇಳುವ ಧೈರ್ಯ ಸಾಲಲಿಲ್ಲ. ಯೂನಿವರ್ಸಿಟಿಗೆ ಸೇರಿದ ದಿನವೇ ತಾನು ಆರಿಸಿಕೊಂಡ ಹೆಸರು ಬರೆಸಿಬಿಟ್ಟ. ಇಲ್ಲಿ ಎಲ್ಲರಿಗೂ ಅವನು ಆಲ್ಡನ್. ಅಮ್ಮನಿಗೆ ಇನ್ನೂ ಗ್ರೆಚೆನ್.

ಆದರೆ ಕಿವಿಗೆ ಯಾರು ಹೇಳಬೇಕು? ಕಾಫಿ ಅಂಗಡಿಯಲ್ಲಿ "ಆಲ್ಡನ್! ಆಲ್ಡನ್!" ಎಂದು ಕೂಗಿದರೆ, ಇವನೂ ಉಳಿದವರಂತೆ ಕತ್ತು ತಿರುಗಿಸಿ ಯಾರಪ್ಪಾ ಅವನು ಎಂದು ನೋಡುತ್ತಿದ್ದ. ಕಾಫಿ ಆರಿಹೋಗುತ್ತಿತ್ತು. ತರಗತಿಯಲ್ಲಿ ಹಾಜರಿ ಕೂಗುವಾಗ ಎದುರಿಗೇ ಕೂತು ಗೈರುಹಾಜರಾದ.

"ನಿಂಗೆ ಕಿವಿ ಡಾಕ್ಟ್ರು ಬೇಕು ಕಣೋ," ಎಂದು ರೂಮ್‌ಮೇಟ್ ಒಮಾರಿ ರೇಗಿಸುತ್ತಿದ್ದ. ಆಲ್ಡನ್‌ಗೆ ನಗು ಬರುತ್ತಿರಲಿಲ್ಲ. ಈ ಹೆಸರೂ ಎರವಲು ಅಂಗಿಯೇ ಏನೋ ಎಂದು ಒಳಗೊಳಗೇ ಕುದಿಯುತ್ತಿದ್ದ. ಸಂಜೆ ಅಮ್ಮನ ಫೋನು ಬಂದರೆ ಇನ್ನೊಂದು ತಳಮಳ. ಹೆಸರು ಬದಲಿಸಿದ್ದು ಹೇಳಿದರೆ, ತನ್ನ ತಾಯಿಯನ್ನೇ ಮನೆಯಿಂದ ಹೊರಹಾಕಿದಂತೆ ಅಮ್ಮನಿಗೆ ಅನ್ನಿಸಿದರೆ?

ಆ ಗುರುವಾರ ಸಂಜೆ ಯಾರೋ ಪಾಪ್‌ಕಾರ್ನ್ ಸೀಸಿ ಹಾಸ್ಟೆಲ್ ತುಂಬ ಹೊಗೆ. ಬೆಂಕಿಯ ಅಲಾರಾಂ ಬಡಿದುಕೊಂಡಿತು, ಎಲ್ಲರೂ ಹೊರಗೆ ಓಡಿದರು. ಅದೇ ಹೊತ್ತಿಗೆ ಅಮ್ಮನ ಫೋನು. ಅವನು ಗುಂಪು ಬಿಟ್ಟು ಒಂದು ಪಿಕಪ್ ಗಾಡಿಯ ಹಿಂದೆ ಸರಿದ.

"ಏನೇ ಅದು ಗಲಾಟೆ?"

"ಏನಿಲ್ಲಮ್ಮಾ, ಯಾರೋ ಪಾಪ್‌ಕಾರ್ನ್ ಸುಟ್ರು. ಎಲ್ಲಾ ಹೊರಗಿದೀವಿ."

ಅತ್ತ ಹಾಸ್ಟೆಲ್ ಉಸ್ತುವಾರಿಯ ಹುಡುಗಿ ಬ್ರಿಯೆಲ್ ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆಯುತ್ತಿದ್ದಳು. "ಆಲ್ಡನ್!" ಎಂದಳು. ಉತ್ತರವಿಲ್ಲ. ಮತ್ತೆ ಕೂಗಿದಳು, ಈ ಸಲ ಗಾಬರಿಯಿಂದ. ಗುಂಪಿನಲ್ಲಿ ಗುಸುಗುಸು ಎದ್ದಿತು.

"ಯಾರೋ ಒಬ್ಬ ಹುಡುಗ ಒಳಗೇ ಉಳ್ಕೊಂಡಿದಾನೆ ಅನ್ಸುತ್ತಮ್ಮಾ," ಎಂದ ಅವನು.

"ಅಯ್ಯೋ ದೇವ್ರೇ, ಯಾರ ಮಗನೋ ಪಾಪ! ಅವರಮ್ಮನ ಗತಿ ಏನು? ಯಾರಾದ್ರೂ ಹೋಗಿ ನೋಡ್ಬಾರ್ದಾ?" ಅಮ್ಮ ಆಗಲೇ ಅಳುತ್ತಿದ್ದಳು.

ಅಷ್ಟರಲ್ಲಿ ಒಮಾರಿ ಬಾಗಿಲ ಕಡೆ ನುಗ್ಗಿದ. ಇಬ್ಬರು ಅವನ ರಟ್ಟೆ ಹಿಡಿದರು. "ಬಿಡ್ರೋ! ನನ್ನ ರೂಮ್‌ಮೇಟ್ ಅವ್ನು! ಕರೆದ್ರೆ ಕೇಳ್ಸಲ್ಲ ಅವ್ನಿಗೆ! ಆಲ್ಡನ್!"

ಕರೆಯುತ್ತಿರುವುದು ತನ್ನನ್ನೇ ಎಂದು ಆಲ್ಡನ್‌ಗೆ ಆಗ ಹೊಳೆಯಿತು. ಫೋನು ಕಿವಿಯಲ್ಲೇ ಇದೆ ಎಂಬುದನ್ನೂ ಮರೆತು, ಗಾಡಿಯ ಮರೆಯಿಂದ ಓಡಿಬಂದು ಗಂಟಲು ಹರಿಯುವಂತೆ ಕೂಗಿದ: "ಇಲ್ಲಿದೀನಿ! ನಾನೇ ಆಲ್ಡನ್, ಇಲ್ಲೇ ಇದೀನಿ!"

ಒಮಾರಿ ಬಂದು ಬೆನ್ನಿಗೊಂದು ಗುದ್ದಿ ತಬ್ಬಿಕೊಂಡ. ಆಲ್ಡನ್ ಫೋನನ್ನು ಮತ್ತೆ ಕಿವಿಗೆ ಒತ್ತಿದ.

"ಸಿಕ್ಕಿದ್ನಾ ಆ ಹುಡುಗ?" ಎಂದಳು ಅಮ್ಮ, ಬಹಳ ಮೆಲ್ಲಗೆ.

"ಸಿಕ್ಕಿದ. ನಾನೇ ಅಮ್ಮಾ ಅವ್ನು." ಎಂದ ಅವನು. "ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಬಂದಾಗ ಹೇಳೋಣ ಅಂತಿದ್ದೆ."

ಅವನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಗಾಡಿಯ ಸುತ್ತ ಒಂದು ಸುತ್ತು ಬಂದ, ಇನ್ನೊಂದು ಸುತ್ತು ಬಂದ. ಅಮ್ಮ ಮೂಗು ಸೀಟಿದ್ದು ಕೇಳಿಸಿತು.

"ಯಾರ ಮಗನೋ ಅಂತ ಇಲ್ಲಿ ಅಳ್ತಾ ನಿಂತಿದೀನಿ ನಾನು," ಎಂದಳು ಕೊನೆಗೆ, ಸಿಟ್ಟಿನಿಂದ. "ಅಷ್ಟು ಕೂಗಿದ್ರೂ ಓ ಅನ್ನೋಕೆ ಏನೋ ರೋಗ ನಿಂಗೆ? ಹುಟ್ಟಿದಾಗಿಂದ ಇದೇ ಆಯ್ತು."